ಅಕ್ಕಿಮುಡಿಯಿಂದ ಪಡಿತರ ಚೀಟಿಗೆ



ಇಂದಿನ ಕಾಟಿಪಳ್ಳದ ಕಥೆ ತಿಳಿಯಬೇಕಾದರೆ ಪಣಂಬೂರಿನಿಂದ ಆರಂಭಿಸಬೇಕು. 1960ರ ದಶಕದಲ್ಲಿ ನವಮಂಗಳೂರು ಬಂದರಿಗಾಗಿ ಅಲ್ಲಿ ನೆಲ ಕಳೆದುಕೊಂಡ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ಗದ್ದೆಯುಳ್ಳವರು ಬೈಹುಲ್ಲಿನಲ್ಲಿ 42 ಸೇರಿನ ಅಕ್ಕಿಮುಡಿ ಕಟ್ಟಿ ಮಳೆಗಾಲಕ್ಕೆ ಕೂಡಿಡುತ್ತಿದ್ದ ಸೀಮೆಯಿದು. ಗದ್ದೆ ಹೋದ ಮೇಲೆ ಅಕ್ಕಿ ಅಂಗಡಿಯಿಂದಲೇ ಬರಬೇಕು. ಕೈಯಲ್ಲಿ ಕಾಸಿಲ್ಲದ ದಿನ ಗತಿಯೇನು?

ಜಗತ್ತು ಆ ದಶಕದಲ್ಲೇ ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ಹುಡುಕಿತು. ಅಮೆರಿಕದ ಫೀನಿಕ್ಸ್ ನಗರದಲ್ಲಿ 1967ರಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬವರು ಆಹಾರ ಬ್ಯಾಂಕ್ ತೆರೆದರು. ದಿನಸಿ ಮಳಿಗೆಗಳಲ್ಲಿ ಮಾರಾಟವಾಗದೆ ಉಳಿದ, ಆದರೆ ತಿನ್ನಲು ಯೋಗ್ಯವಾದ ಪದಾರ್ಥಗಳು ಅದರ ಮೂಲಕ ಹಸಿದವರನ್ನು ತಲಪಿದವು.

ನಮ್ಮಲ್ಲಿ 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾಯಿತು. ನಿಗಮ ಧಾನ್ಯ ಕೊಂಡು ಉಗ್ರಾಣದಲ್ಲಿಡುತ್ತದೆ. ರಾಜ್ಯ ಸರಕಾರ ಊರಿಗೆ ಸಾಗಿಸುತ್ತದೆ. ಕೊನೆಯಲ್ಲಿ ತೂಗಿ ಕೊಡುವವರು ನ್ಯಾಯಬೆಲೆ ಅಂಗಡಿಯವರು ಅಥವಾ ಸಹಕಾರಿ ಸಂಘದವರು. ಅವರಿಗೆ ಕಮಿಷನ್ ಸಿಗುತ್ತದೆ.

ಇವೆರಡರ ಅಂತರವನ್ನು ಗಮನಿಸಬೇಕು. ಆಹಾರ ಬ್ಯಾಂಕಿಗೆ ಇಂದು ಏನು ಬರುತ್ತದೆಂಬುದು ಅಂಗಡಿಯಲ್ಲಿ ಏನು ಉಳಿಯಿತು ಎಂಬುದನ್ನು ಅವಲಂಬಿಸಿದೆ. ಪಡಿತರವಾದರೋ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಿಂದ ಹಕ್ಕಾಯಿತು: ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ. ಆದರೆ ಧಾನ್ಯವೊಂದರಿಂದಲೇ ಊಟವಾಗದು. ತರಕಾರಿ, ಬೇಳೆ, ಹಾಲೂ ಬೇಕು. ಅಂಗಡಿಗಳಲ್ಲಿ ಉಳಿಯುವ ಆಹಾರ ಈ ಕೊರತೆಯನ್ನು ಕೊಂಚ ತುಂಬಬಲ್ಲದು. ಹಕ್ಕಿಗೆ ದಾನ ಜೊತೆಯಾಗಲಿ, ಬದಲಿಯಾಗದಿರಲಿ.

ಗದ್ದೆ ಹೋದ ಮೊದಲ ವರ್ಷ ಅಕ್ಕಿ ಎಲ್ಲಿಂದ ಬಂತೆಂದು ನಿಮ್ಮೂರ ಹಿರಿಯರನ್ನು ಕೇಳಿ ಬರೆದಿಡಿ. ಅದೂ ಇತಿಹಾಸವೇ.