ಹಲ್ಲನ್ನು ಗುರುತಿಸಿದವರು

ಅಮೆರಿಕದ ಕಾಡುಗಳಲ್ಲಿ ಆನೆಯಿಲ್ಲ. ಆದರೆ ಒಂದು ಕಾಲಕ್ಕೆ ಅಲ್ಲಿ ಆನೆಯ ದಾಯಾದಿಗಳು ಹಿಂಡುಹಿಂಡಾಗಿ ಬಾಳಿದ್ದವು. ಮ್ಯಾಮತ್, ಮ್ಯಾಸ್ಟೊಡಾನ್ ಎಂದು ಈಗ ನಾವು ಕರೆಯುವ ಆ ಪ್ರಾಣಿಗಳು ಆ ನೆಲದಿಂದ ಕಣ್ಮರೆಯಾಗಿ ಸುಮಾರು 10,000 ವರ್ಷಗಳೇ ಆದವು. ಉಳಿದದ್ದು ಮಣ್ಣಿನೊಳಗಿನ ಮೂಳೆ, ಹಲ್ಲು ಅಷ್ಟೆ.

1705ರಲ್ಲಿ ನ್ಯೂಯಾರ್ಕ್ ಪ್ರಾಂತದ ಹಡ್ಸನ್ ನದಿಯ ದಂಡೆಯಲ್ಲಿ ಅಂಥದೊಂದು ಭಾರಿ ಹಲ್ಲು ಸಿಕ್ಕಿತು. ಸಿಕ್ಕಿದ ರೈತ ಅದನ್ನು ಒಂದು ಲೋಟ ರಮ್ಮಿಗೆ ಕೊಟ್ಟುಬಿಟ್ಟನಂತೆ! ಕೊನೆಗೆ ಅದು ಗವರ್ನರನ ಕೈಸೇರಿ ಲಂಡನ್ನಿಗೆ ಹೋಯಿತು. ಇದು ಮಹಾಪ್ರಳಯದಲ್ಲಿ ಮುಳುಗಿ ಸತ್ತ ದೈತ್ಯ ಮನುಷ್ಯನ ಹಲ್ಲೆಂದು ಓದು ಬಲ್ಲ ಪಾದ್ರಿಗಳೇ ನಂಬಿದರು.

ಸುಮಾರು 20 ವರ್ಷಗಳ ನಂತರ, ದಕ್ಷಿಣದ ಕೆರೊಲಿನಾದ ಸ್ಟೋನೊ ಎಂಬಲ್ಲಿ ನೆಲ ಅಗೆಯುವಾಗ ಮೂರು ನಾಲ್ಕು ದೊಡ್ಡ ಹಲ್ಲುಗಳು ಹೊರಬಂದವು. ಆ ಸೀಮೆಯ ತೋಟ, ಭತ್ತದ ಗದ್ದೆಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಹಡಗಿನಲ್ಲಿ ತಂದು ಮಾರಿದ ಗುಲಾಮರು. ಹಲ್ಲು ನೋಡಿದ ಆಫ್ರಿಕನ್ನರೆಲ್ಲ ಒಂದೇ ಮಾತು ಹೇಳಿದರು: ಇದು ಆನೆಯ ದವಡೆ ಹಲ್ಲು. ಮಾರ್ಕ್ ಕೇಟ್ಸ್‌ಬಿ ಎಂಬ ಇಂಗ್ಲಿಷ್ ಪ್ರಕೃತಿ ಶಾಸ್ತ್ರಜ್ಞ ಇದನ್ನು ತನ್ನ ಗ್ರಂಥದಲ್ಲಿ ಬರೆದಿಟ್ಟ.

ಅವರಿಗೆ ತಿಳಿದದ್ದರಲ್ಲಿ ಪವಾಡವೇನೂ ಇಲ್ಲ. ಆನೆ ಅವರ ತವರಿನ ಪ್ರಾಣಿ. ಆನೆಯ ದವಡೆ ಹಲ್ಲಿನ ಮೇಲೆ ಅಡ್ಡಸಾಲುಗಳಿರುತ್ತವೆ, ಬೀಸುವ ಕಲ್ಲಿಗೆ ಉಳಿಯಿಂದ ಹೊಡೆದ ಗೀರುಗಳ ಹಾಗೆ. ಮ್ಯಾಮತ್ತಿನ ಹಲ್ಲೂ ಹಾಗೆಯೇ. ಮ್ಯಾಸ್ಟೊಡಾನಿನದು ಬೇರೆ, ಅದರ ಮೇಲೆ ಉಬ್ಬುಗಳು. ಮೊಲೆಯಂಥ ಹಲ್ಲು ಎಂಬುದೇ ಆ ಹೆಸರಿನ ಅರ್ಥ. ಹಡ್ಸನ್ ದಂಡೆಯ ಹಲ್ಲು ಈ ಜಾತಿಯದು, ಸ್ಟೋನೊದ್ದು ಮ್ಯಾಮತ್ತಿನದು.

1796ರಲ್ಲಿ ಪ್ಯಾರಿಸ್ಸಿನಲ್ಲಿ ಜಾರ್ಜ್ ಕುವಿಯೆ, ಮ್ಯಾಮತ್ ಎಂಬುದು ಇಂದಿನ ಆಫ್ರಿಕದ ಆನೆಯೂ ಅಲ್ಲ, ನಮ್ಮ ಏಷ್ಯಾದ ಆನೆಯೂ ಅಲ್ಲ, ಅಳಿದುಹೋದ ಬೇರೊಂದು ಜಾತಿ ಎಂದು ತೋರಿಸಿಕೊಟ್ಟ. ದೊಡ್ಡ ಕೆಲಸವೇ ಸರಿ. ಜೀವಜಾತಿಯೊಂದು ಪೂರ್ತಿ ಅಳಿಯಬಹುದೆಂಬ ಮಾತನ್ನು ಆಗ ಒಪ್ಪದವರೇ ಹೆಚ್ಚು. ಅವನ ಹೆಸರು ಪಠ್ಯಪುಸ್ತಕ ಸೇರಿತು. ಆದರೆ ಹಲ್ಲು ಆನೆಯ ಕುಲದ್ದೆಂದು ಸ್ಟೋನೊದಲ್ಲಿ ಹೇಳಿ ಆಗಲೇ 70 ವರ್ಷವಾಗಿತ್ತು.

1739ರಲ್ಲಿ ಅದೇ ಸ್ಟೋನೊ ನದಿಯ ಬಳಿ ಗುಲಾಮರು ಬಿಡುಗಡೆಗಾಗಿ ದಂಗೆಯೆದ್ದರು. ದಂಗೆಯನ್ನು ಕ್ರೂರವಾಗಿ ತುಳಿಯಲಾಯಿತು. ಮುಂದಾಳಿನ ಹೆಸರು ಜೆಮ್ಮಿ ಎಂದು ಒಂದು ಬರಹದಲ್ಲಿದೆ. ದಂಗೆಯೆದ್ದವನ ಹೆಸರು ಬರೆದುಕೊಳ್ಳಲು ಅಂಜಿಕೆಯಾದರೂ ಕಾರಣವಾಗಿತ್ತು. ಹಲ್ಲನ್ನು ಗುರುತಿಸಿದವರ ಹೆಸರನ್ನು ಮಾತ್ರ ಕೇಟ್ಸ್‌ಬಿ ಬರೆದಿಡಲಿಲ್ಲ.