ಅಟ್ಟದ ಭರಣಿ ಅಂತರ್ಜಾಲದ ಸಂತೆಗೆ: ಮಾರುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಸುರಪುರ ತಾಲ್ಲೂಕಿನ ದೇವಾಪುರದಂತಹ ಊರುಗಳಲ್ಲಿ ಹಳೆಯ ಮನೆ ಕೆಡವುವಾಗ ಅಟ್ಟದಿಂದ ಇಳಿಯುವ ಸಾಮಾನುಗಳಲ್ಲಿ ಉಪ್ಪಿನಕಾಯಿ ಭರಣಿಯೂ ಒಂದು. ಗುಜರಿಯವನಿಗೆ ಬೇಡವಾದ ಈ ಭರಣಿಗೆ ಅಂತರ್ಜಾಲದಲ್ಲಿ ಗಿರಾಕಿಗಳಿದ್ದಾರೆ. ಆದರೆ ‘ಜಪಾನಿನ ಕೈಕೆಲಸ’ ಎಂಬ ಒಕ್ಕಣೆಯೊಡನೆ ಮಾರಾಟಕ್ಕಿಟ್ಟವೆಲ್ಲ ಜಪಾನಿನವಲ್ಲ. ಆ ಒಂದು ಮಾತಿನಿಂದ ಬೆಲೆ ಏರುತ್ತದೆ. ಅದು ಸುಳ್ಳೆಂದು ತಿಳಿದರೆ ಹಣದ ಜೊತೆಗೆ ಮಾರಿದವರ ಹೆಸರೂ ಹೋಗುತ್ತದೆ.

ನಮ್ಮ ಮನೆಗಳಲ್ಲಿರುವ ಬಿಳಿ-ಕಂದು ಬಣ್ಣದ ಭರಣಿಗಳು ಬಹುಮಟ್ಟಿಗೆ ಭಾರತದಲ್ಲೇ ತಯಾರಾದವು. ಉತ್ತರ ಪ್ರದೇಶದ ಖುರ್ಜಾ, ಚುನಾರ್, ಗುಜರಾತಿನ ಥಾನಗಢ ಇಂತಹ ಪಿಂಗಾಣಿ ಸಾಮಾನಿಗೆ ಹೆಸರಾದ ಊರುಗಳು. ಹೆಸರನ್ನು ನಂಬಿ ಮೂಲವನ್ನು ನಿರ್ಧರಿಸುವಂತಿಲ್ಲ. ಉರ್ದು ಮಾತನಾಡುವ ಮನೆಗಳಲ್ಲಿ ಇದೇ ಭರಣಿ ‘ಮರ್ತಬಾನ್’. ಅದು ಬರ್ಮಾದ ಬಂದರೊಂದರ ಹೆಸರು. ಅಲ್ಲಿಂದ ಹಡಗೇರುತ್ತಿದ್ದ ಜಾಡಿಗಳಲ್ಲಿ ಚೀನಾದವೂ ಇದ್ದವು. ಜಪಾನೀಯರೂ ಇದಕ್ಕೆ ಹೊರತಲ್ಲ. 16ನೆಯ ಶತಮಾನದಲ್ಲಿ ಫಿಲಿಪೀನ್ಸಿನ ಲುಜಾನ್ ದ್ವೀಪದಿಂದ ತರಿಸಿಕೊಂಡ ದಕ್ಷಿಣ ಚೀನಾದ ಜಾಡಿಗಳನ್ನು ಅವರು ‘ಲುಜಾನ್ ಜಾಡಿ’ ಎಂದೇ ಕರೆದು, ಚಹಾ ಎಲೆ ಕಾಪಿಡಲು ಬಳಸಿದರು.

ಜಪಾನಿನ ಶೇಖರಣಾ ಜಾಡಿಗೆ ‘ತ್ಸುಬೊ’ ಎಂದು ಹೆಸರು. ಬಿಜೆನ್, ಶಿಗರಾಕಿ, ತಂಬಾ, ತೊಕೊನಾಮೆ ಇವುಗಳ ಪ್ರಸಿದ್ಧ ನೆಲೆಗಳು. ಬಿಜೆನ್ ಜಾಡಿಗೆ ಮೆರುಗಿನ ಲೇಪವಿಲ್ಲ. ಕಟ್ಟಿಗೆಯ ಬೂದಿ ಮತ್ತು ಬೆಂಕಿಯೇ ಅದರ ಬಣ್ಣ. ಕೈಯಿಂದ ಮಾಡಿದ ಜಾಡಿಯ ಒಳಮೈಯಲ್ಲಿ ಬೆರಳಿನ ಏರಿಳಿತ ಕೈಗೆ ಸಿಗುತ್ತದೆ. ಅಚ್ಚಿನಿಂದ ಬಂದದ್ದಾದರೆ ಎರಡು ಹೋಳು ಕೂಡಿದ ಗೆರೆ ಕಾಣಬಹುದು. ತಳದಲ್ಲಿ ‘ನಿಪ್ಪಾನ್’ ಅಥವಾ ‘ಮೇಡ್ ಇನ್ ಜಪಾನ್’ ಎಂಬ ಇಂಗ್ಲಿಷ್ ಮುದ್ರೆಯಿದ್ದರೆ ಅದು ರಫ್ತಿನ ಸಾಮಾನು. ಕೈಕೆಲಸಕ್ಕೆ ಅದು ಪುರಾವೆಯಲ್ಲ. ಹೆಸರಾಂತ ಕುಂಬಾರರ ಕೃತಿಯಾದರೆ ಅವರ ಸಹಿಯುಳ್ಳ ಮರದ ಪೆಟ್ಟಿಗೆ ಜೊತೆಗಿರುವುದುಂಟು. ಪೆಟ್ಟಿಗೆ ಕಳೆದರೆ ಬೆಲೆಯೂ ಇಳಿಯುತ್ತದೆ. ಮೂಲ ತಿಳಿಯದಿದ್ದರೆ ‘ಹಳೆಯ ಭರಣಿ, ಎಲ್ಲಿಯದೆಂದು ತಿಳಿಯದು’ ಎಂದು ಬರೆಯುವುದೇ ಲೇಸು.

ಛಾಯಾಚಿತ್ರದಲ್ಲಿ ತಳ, ಒಳಭಾಗ, ಮುಚ್ಚಳ ಕಾಣಬೇಕು. ಬಿರುಕನ್ನಂತೂ ಹತ್ತಿರದಿಂದ ತೋರಿಸಬೇಕು. ರಾತ್ರಿಯಿಡೀ ನೀರು ತುಂಬಿಟ್ಟರೆ ಸೋರಿಕೆ ಬಯಲಾಗುತ್ತದೆ. ಹಳೆಯ ಮೆರುಗಿನಲ್ಲಿ ಸೀಸವಿರಬಹುದು, ಹುಳಿ ಪದಾರ್ಥ ಅದನ್ನು ಕರಗಿಸಿಕೊಳ್ಳುತ್ತದೆ. ಆದ್ದರಿಂದ ಪರೀಕ್ಷೆ ಮಾಡಿಸದೆ ‘ಉಪ್ಪಿನಕಾಯಿಗೆ ಯೋಗ್ಯ’ ಎಂದು ಬರೆಯಬಾರದು. ಕಳುಹಿಸುವಾಗ ಮುಚ್ಚಳವನ್ನು ಬೇರೆಯಾಗಿ ಸುತ್ತಿ, ಭರಣಿಯ ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ನಡುವಿನ ಜಾಗಕ್ಕೆ ಕಾಗದ ತುಂಬುವುದು ರೂಢಿ.

ಕಾನೂನಿನ ಮಾತೂ ಇದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ಕಲಾಕೃತಿ ಅಥವಾ ಕರಕುಶಲ ವಸ್ತು ಪುರಾವಸ್ತುವಿನ ವ್ಯಾಖ್ಯೆಗೆ ಸೇರಬಹುದು. ಪುರಾವಸ್ತುವಿನ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ‘ಮುತ್ತಜ್ಜಿಯ ಕಾಲದ್ದು’ ಎಂದು ಬರೆದು ಹೊರದೇಶದ ಗಿರಾಕಿಗೆ ಒಪ್ಪಿಕೊಳ್ಳುವ ಮೊದಲು, ಅದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕು.