ಕಣ್ಣಿನ ‘ಪೊರೆ’ ನಿಜಕ್ಕೂ ಪೊರೆಯೇ? ಹನಿ ಹಾಕಿದರೆ ಕರಗುತ್ತದೆಯೇ?

ಈರುಳ್ಳಿ ರಸಕ್ಕೆ ಜೇನುತುಪ್ಪ ಬೆರೆಸಿ ದಿನಾ ಎರಡು ಹನಿ ಬಿಟ್ಟರೆ ಕಣ್ಣಿನ ಪೊರೆ ಕರಗುತ್ತದೆ, ಆಪರೇಷನ್ನೇ ಬೇಡ ಎನ್ನುವ ಧಾಟಿಯ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತಿರುತ್ತವೆ. ಇದು ಸುಳ್ಳು. ಆದರೂ ಜನ ನಂಬುತ್ತಾರೆ. ಅದಕ್ಕೆ ‘ಪೊರೆ’ ಎಂಬ ಪದವೂ ಒಂದು ಕಾರಣ ಎಂದು ನಮಗೆ ಅನಿಸುತ್ತದೆ.

ಪೊರೆ ಎಂದರೆ ಬೆಳಕು ಹಾಯುವಷ್ಟು ತೆಳುವಾದ ಪದರ. ಹಾವು ಬಿಡುವುದು ಪೊರೆ. ಬೇಯಿಸಿದ ಮೊಟ್ಟೆಯ ಚಿಪ್ಪು ಬಿಡಿಸುವಾಗ ಬೆರಳಿಗೆ ಅಂಟುವುದು ಪೊರೆ. ಹೈಸ್ಕೂಲಿನಲ್ಲಿ ಮೈಕ್ರೋಸ್ಕೋಪ್ ಕೆಳಗಿಡಲು ಈರುಳ್ಳಿಯಿಂದ ಬಿಡಿಸುತ್ತಿದ್ದದ್ದೂ ಪೊರೆಯೇ. (ಕಾಪಾಡು ಎಂಬ ಅರ್ಥದಲ್ಲೂ ‘ಪೊರೆ’ ಬಳಕೆಯಲ್ಲಿದೆ, ಇಲ್ಲಿ ಆ ಮಾತಿಲ್ಲ.) ಇವೆಲ್ಲ ಮೇಲಿನಿಂದ ಸುಲಿದರೆ ಬರುವಂಥವು.

ಹಾವಿಗಂತೂ ಕಣ್ಣಿನ ಮೇಲೇ ಪೊರೆ ಇರುತ್ತದೆ. ಅದಕ್ಕೆ ಮುಚ್ಚಿ ತೆರೆಯುವ ರೆಪ್ಪೆಯಿಲ್ಲ. ಪಾರದರ್ಶಕವಾದ ಒಂದು ಹೊದಿಕೆ ಕಣ್ಣನ್ನು ಕಾಯುತ್ತದೆ. ಪೊರೆ ಬಿಡುವ ಮುಂಚೆ ಹಾವಿನ ಕಣ್ಣು ಹಾಲು ಬೆರೆಸಿದಂತೆ ಮಂಜಾಗುತ್ತದೆ. ಕಣ್ಣು ಮತ್ತೆ ತಿಳಿಯಾದ ಮೇಲೆ ಪೊರೆಯ ಜೊತೆ ಆ ಹೊದಿಕೆಯ ಹೊರಪದರವೂ ಕಳಚಿ ಬೀಳುತ್ತದೆ.

ಮನುಷ್ಯರಲ್ಲಿ ಹಾಗಲ್ಲ. ಕಣ್ಣಿನ ಪೊರೆ ಅಥವಾ ಕ್ಯಾಟರ‍್ಯಾಕ್ಟ್ ಎಂದರೆ ಕಣ್ಣಿನ ಮೇಲೆ ಬೆಳೆದ ಪದರವಲ್ಲ. ಕಣ್ಣಿನ ಒಳಗೆ, ಪಾಪೆಯ ಹಿಂದಿರುವ ಮಸೂರವೇ ಮಸುಕಾಗುವುದು. ಸುಮಾರು 4 ಮಿಲಿಮೀಟರ್ ದಪ್ಪದ ಈ ಮಸೂರದಲ್ಲಿ ಇರುವುದು ಮುಖ್ಯವಾಗಿ ನೀರು ಮತ್ತು ಪ್ರೋಟೀನ್. ವಯಸ್ಸಾದಂತೆ ಪ್ರೋಟೀನ್‌ಗಳು ಗಂಟುಕಟ್ಟುತ್ತವೆ. ಮೊಟ್ಟೆಯ ಲೋಳೆ ಬೆಂದರೆ ಬೆಳ್ಳಗಾಗುವುದನ್ನು ನೆನಪಿಸಿಕೊಳ್ಳಿ. ಸಕ್ಕರೆ ಕಾಯಿಲೆ, ಧೂಮಪಾನ, ಬಹುಕಾಲದ ಸ್ಟೆರಾಯ್ಡ್ ಬಳಕೆ ಇದನ್ನು ಬೇಗ ತರುತ್ತವೆ. ಬೆಂದ ಲೋಳೆಯನ್ನು ಮತ್ತೆ ತಿಳಿಯಾಗಿಸುವ ಮನೆಮದ್ದು ಇಲ್ಲ. ಈರುಳ್ಳಿ ರಸ ಕಣ್ಣನ್ನು ಉರಿಸುತ್ತದೆ. ಶುದ್ಧೀಕರಿಸದ ರಸದಿಂದ ಕಣ್ಣಿನ ಕಪ್ಪುಗುಡ್ಡೆಗೆ ಸೋಂಕು ತಗುಲಿದರೆ ಅದು ಇನ್ನೊಂದೇ ಅನಾಹುತ.

ಹಾಗಾದರೆ ಡಾಕ್ಟರ್ ಏಕೆ ಹನಿ ಕೊಡುತ್ತಾರೆ? ಆಪರೇಷನ್‌ಗೆ ಮುಂಚೆ ಪಾಪೆ ಹಿಗ್ಗಲೆಂದು, ಆಮೇಲೆ ಸೋಂಕು, ಊತ ಬರದಿರಲೆಂದು. ಪೊರೆ ಕರಗಿಸಲು ಅಲ್ಲ.

ಆಪರೇಷನ್‌ನಲ್ಲೂ ಒಂದು ಸ್ವಾರಸ್ಯವಿದೆ. ಮಸೂರವನ್ನು ಸುತ್ತುವರಿದ ತೆಳ್ಳನೆಯ ಪಾರದರ್ಶಕ ಚೀಲವೊಂದಿದೆ. ನಿಜವಾದ ಪೊರೆ ಅದು. ವೈದ್ಯರು 2–3 ಮಿಲಿಮೀಟರ್ ಸೀಳಿನಿಂದ ಒಳಹೋಗಿ, ಶ್ರವಣಾತೀತ ತರಂಗಗಳಿಂದ ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುತ್ತಾರೆ. ಆ ಚೀಲವನ್ನು ಮಾತ್ರ ಜೋಪಾನವಾಗಿ ಉಳಿಸಿ, ಅದರೊಳಗೆ ಕೃತಕ ಮಸೂರ ಕೂರಿಸುತ್ತಾರೆ. ಕೆಲವರಲ್ಲಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಈ ಚೀಲದ ಹಿಂಭಾಗ ಮಂಜಾಗುತ್ತದೆ. ‘ಪೊರೆ ಮತ್ತೆ ಬೆಳೆಯಿತು’ ಎಂದು ಜನ ಹೇಳುವುದು ಇದನ್ನೇ. ಲೇಸರ್‌ನಿಂದ ಕೆಲವೇ ನಿಮಿಷಗಳಲ್ಲಿ ಸರಿಮಾಡಬಹುದು.

‘ಪೊರೆ ಬಲಿಯಲಿ, ಆಮೇಲೆ ನೋಡೋಣ’ ಎಂದು ಮನೆಯಲ್ಲಿ ಹಿರಿಯರನ್ನು ಕಾಯಿಸುವುದೂ ಈಗ ಬೇಕಿಲ್ಲ. ದಿನದ ಕೆಲಸಕ್ಕೆ ತೊಂದರೆಯಾಗುವಷ್ಟು ನೋಟ ಮಂಜಾದರೆ ಸಾಕು. ತೀರಾ ಬಲಿತರೆ ಮಸೂರ ಗಟ್ಟಿಯಾಗಿ ಆಪರೇಷನ್ ಕಷ್ಟವಾಗುತ್ತದೆ, ಕಣ್ಣಿನ ಒತ್ತಡವೂ ಏರಬಹುದು. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಅಂಧತ್ವದಲ್ಲಿ ಶೇ 66.2ಕ್ಕೆ ಕಾರಣ ಚಿಕಿತ್ಸೆ ಕಾಣದ ಪೊರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಶಸ್ತ್ರಚಿಕಿತ್ಸೆ ಉಚಿತ.